ಬೇಟೆಯ ಬಿಲ್ಲಿಗೆ ಯಾವ ಆ್ಯರೋ ರೆಸ್ಟ್?

ಪ್ರಶ್ನೆ: ಸರ್, ನಮ್ಮೂರು ಹಾವೇರಿ, ಕೆಲಸ ಹುಬ್ಬಳ್ಳಿಯಲ್ಲಿ. ಎರಡು ವರ್ಷದಿಂದ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ, ಕೇಬಲ್ ಇರುವುದು) ಹೊಡೆಯುತ್ತಿದ್ದೇನೆ. 50 ಮೀಟರ್ ಟಾರ್ಗೆಟ್, 55 ಪೌಂಡ್ ಎಳೆತ, ರಿಲೀಸ್ (ಬೆರಳಿನ ಬದಲು ಸ್ಟ್ರಿಂಗ್ ಹಿಡಿದು ಬಿಡುವ ಸಣ್ಣ ಸಾಧನ) ಬಳಸುತ್ತೇನೆ. ಬಿಲ್ಲಿನ ಮೇಲೆ ಬಾಣಕ್ಕೆ ಆಸರೆ ಕೊಡುವ ಆ್ಯರೋ ರೆಸ್ಟ್ ಬ್ಲೇಡ್ ಬಗೆಯದು. ಸೆಪ್ಟೆಂಬರ್ ಮೊದಲ ವಾರ ಅಮೆರಿಕದ ಮಿಷಿಗನ್‌ಗೆ ಅಣ್ಣನ ಮನೆಗೆ ಹೊರಟಿದ್ದೇನೆ, ಡಿಸೆಂಬರ್‌ವರೆಗೆ ಅಲ್ಲೇ ಇರುತ್ತೇನೆ. ಅಣ್ಣ ಪ್ರತಿ ವರ್ಷ ಲೈಸೆನ್ಸ್ ತೆಗೆದುಕೊಂಡು ಬಿಲ್ಲಿನಿಂದ ಜಿಂಕೆ ಬೇಟೆಗೆ ಹೋಗುತ್ತಾನೆ. ‘ನಿನ್ನ ಬಿಲ್ಲು ತಗೊಂಡು ಬಾ, ಆದರೆ ಆ ಬ್ಲೇಡ್ ರೆಸ್ಟ್ ಇಲ್ಲಿ ನಡೆಯಲ್ಲ, ವಿಸ್ಕರ್ ಬಿಸ್ಕಿಟ್ ಹಾಕಿಸು’ ಅಂತಾನೆ. ಇಲ್ಲಿ ನನ್ನ ಜೊತೆ ಹೊಡೆಯುವ ಗೆಳೆಯ ‘ಬಿಸ್ಕಿಟ್ ಕಾಲ ಮುಗೀತು, ಡ್ರಾಪ್-ಅವೇ ತಗೋ’ ಅಂತಾನೆ. ಯಾವುದು ಸರಿ? ಇಲ್ಲೇ ಕೊಳ್ಳಬೇಕಾ, ಅಲ್ಲಿ ಹೋಗಿ ಕೊಳ್ಳಬೇಕಾ?

ಉತ್ತರ: ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಿಮಗೆ ಗೊತ್ತಿರುತ್ತೆ, ಓದುವ ಬೇರೆಯವರಿಗೂ ಗೊತ್ತಿರಲಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಬಂದೂಕಾದರೂ ಅಷ್ಟೆ, ಬಿಲ್ಲಾದರೂ ಅಷ್ಟೆ. ನಿಮ್ಮ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯ ಇರುವುದೇ ಕೃಷ್ಣಮೃಗಕ್ಕಾಗಿ. ಅದು ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಹೊಡೆದರೆ 3ರಿಂದ 7 ವರ್ಷ ಜೈಲು. ಗದಗದ ಕಪ್ಪತಗುಡ್ಡವೂ 2019ರಿಂದ ಅಭಯಾರಣ್ಯ. ಹಂದಿ ಬಂದು ಗೋವಿನಜೋಳ ಹಾಳು ಮಾಡಿತು ಅಂತ ರೈತ ತಾನೇ ಬಿಲ್ಲು ಎತ್ತುವಂತಿಲ್ಲ, ಅರಣ್ಯ ಇಲಾಖೆಗೆ ಹೋಗಬೇಕು. ಹಾಗಾಗಿ ಈ ಉತ್ತರದಲ್ಲಿ ಬೇಟೆ ಅಂದಲ್ಲೆಲ್ಲ ಮಿಷಿಗನ್ ಅಂತಲೇ ತಿಳಿದುಕೊಳ್ಳಿ.

ಅಲ್ಲೂ ಮನಸ್ಸಿಗೆ ಬಂದ ಹಾಗೆ ಹೊಡೆಯುವಂತಿಲ್ಲ. 1960ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು, ಆಮೇಲೆ ಲೈಸೆನ್ಸ್. ಜಿಂಕೆಗೆ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ಕ್ಕೆ ನಿಲ್ಲುತ್ತದೆ. 15ರಿಂದ ಬಂದೂಕಿನವರ ಸರದಿ. ಡಿಸೆಂಬರ್ 1ರಿಂದ ಮತ್ತೆ ಬಿಲ್ಲು. ಅಣ್ಣನಿಗೆ ಇದೆಲ್ಲ ಗೊತ್ತಿದ್ದರೂ ಆ ವರ್ಷದ ನಿಯಮದ ಪುಸ್ತಕವನ್ನು ನೀವೂ ಒಮ್ಮೆ ಓದಿ. ಈ ತಾರೀಖುಗಳನ್ನು ಸುಮ್ನೆ ಹೇಳಿದ್ದಲ್ಲ. ಸೆಪ್ಟೆಂಬರ್ ಮೊದಲ ವಾರ ತಲುಪಿ ಅಕ್ಟೋಬರ್ 1ಕ್ಕೆ ಮರ ಹತ್ತಬೇಕು ಅಂದರೆ ನಿಮ್ಮ ಕೈಯಲ್ಲಿ ಇರೋದು ಮೂರು-ನಾಲ್ಕು ವಾರ. ಯಾವ ರೆಸ್ಟ್ ಅನ್ನೋದನ್ನು ಈ ಲೆಕ್ಕವೇ ಅರ್ಧ ತೀರ್ಮಾನ ಮಾಡುತ್ತದೆ.

ಈಗ ನಿಮ್ಮ ಬ್ಲೇಡ್ ರೆಸ್ಟ್ ವಿಷಯ. ಅದರಲ್ಲಿ ದೋಷ ಏನಿಲ್ಲ. ಬೆರಳಿನಿಂದ ಸ್ಟ್ರಿಂಗ್ ಬಿಟ್ಟರೆ ಬಾಣ ಎಡಕ್ಕೆ-ಬಲಕ್ಕೆ ಬಳುಕುತ್ತದೆ. ರಿಲೀಸ್‌ನಿಂದ ಬಿಟ್ಟರೆ ಬಳುಕೋದು ಹೆಚ್ಚಾಗಿ ಮೇಲೆ-ಕೆಳಗೆ. ಅದಕ್ಕೇ ಕಾಂಪೌಂಡ್‌ನವರು ಬಾಣಕ್ಕೆ ಕೆಳಗಿನಿಂದ ಆಸರೆ ಕೊಡುತ್ತಾರೆ. ಸ್ಪ್ರಿಂಗ್ ಸ್ಟೀಲ್‌ನ ತೆಳು ಬ್ಲೇಡ್, ತುದಿಯಲ್ಲಿ ಎರಡು ಸಣ್ಣ ಕೊಂಬು, ಅದರ ನಡುವೆ ಬಾಣ. ಬಾಣದ ಬಳುಕನ್ನು ಬ್ಲೇಡ್ ತಾನೂ ಸ್ವಲ್ಪ ಬಾಗಿ ನುಂಗಿಕೊಳ್ಳುತ್ತದೆ. ಚಲಿಸುವ ಭಾಗ ಬೇರೆ ಇಲ್ಲ, ದಾರ ಇಲ್ಲ. ಸಮತಟ್ಟಾದ ನೆಲದ ಮೇಲೆ, ಗೆರೆಯ ಮೇಲೆ ನೆಟ್ಟಗೆ ನಿಂತು ಹೊಡೆಯುವವರಿಗೆ ಇದಕ್ಕಿಂತ ನಂಬಿಕಸ್ತ ರೆಸ್ಟ್ ಇಲ್ಲ.

ಆದರೆ ಅಲ್ಲಿ ನೀವು ನೆಟ್ಟಗೆ ನಿಲ್ಲೋದಿಲ್ಲ. ಅಣ್ಣ ನಿಮ್ಮನ್ನು ಕೂರಿಸುವುದು ಬಹುಶಃ ನೆಲದಿಂದ 15–20 ಅಡಿ ಮೇಲೆ, ಮರಕ್ಕೆ ಕಟ್ಟಿದ ಅಟ್ಟದ ಮೇಲೆ. ಕತ್ತಲಿರುವಾಗಲೇ ಹತ್ತಿ ಕೂತಿರಬೇಕು. ಬಿಲ್ಲು ತೊಡೆಯ ಮೇಲಿರುತ್ತೆ ಅಥವಾ ಕೊಕ್ಕೆಗೆ ನೇತು ಹಾಕಿರುತ್ತೆ, ಬಾಣ ಹೂಡಿಯೇ ಇರುತ್ತೆ. ಗಂಟೆಗಟ್ಟಲೆ ಏನೂ ಬರಲ್ಲ. ಬಂದರೆ ನೀವು ಅಂದುಕೊಂಡ ಕಡೆಯಿಂದ ಬರಲ್ಲ. ಮೆಲ್ಲಗೆ ಎದ್ದು ಸೊಂಟದಿಂದ ತಿರುಗಬೇಕು, ಬಿಲ್ಲನ್ನು ವಾಲಿಸಬೇಕು. ಜಿಂಕೆಯ ತಲೆ ಮರದ ಹಿಂದೆ ಹೋದ ಆ ಕ್ಷಣದಲ್ಲಿ ಎಳೆಯಬೇಕು. ಅದು ಅಲ್ಲೇ ನಿಂತುಬಿಟ್ಟರೆ ನೀವೂ ಎಳೆದುಕೊಂಡೇ ನಿಲ್ಲಬೇಕು. ತಡೆಯಲಾರದಾದಾಗ ಬಾಣ ಬಿಡದೆ ಸ್ಟ್ರಿಂಗನ್ನು ಮೆತ್ತಗೆ ವಾಪಸ್ ಇಳಿಸಬೇಕು. ಜಾಕೀಟು, ಕೈಗವಸು ಹಾಕಿಕೊಂಡು, ಥಂಡಿಯಲ್ಲಿ ನಡುಗುತ್ತಾ.

ಇಷ್ಟರಲ್ಲಿ ಬ್ಲೇಡ್ ಮೇಲಿನ ಬಾಣ ಎಲ್ಲಿರುತ್ತೆ? ಒಂದು ಸಲ ಜಾರಿ ರೈಸರ್‌ಗೆ (ಬಿಲ್ಲಿನ ನಡುವಿನ ಗಟ್ಟಿ ಹಿಡಿಕೆ ಭಾಗಕ್ಕೆ) ‘ಟಣ್’ ಅಂತ ಬಡಿದರೆ ಸಾಕು, ಅವತ್ತಿನ ಬೆಳಗ್ಗೆ ಮುಗಿಯಿತು. ಅಣ್ಣ ಬ್ಲೇಡ್ ನಡೆಯಲ್ಲ ಅಂದದ್ದು ಇದಕ್ಕೇ. ಅವರ ಮಾತು ಪೂರ್ತಿ ಸರಿ. ಬೇಟೆಯ ರೆಸ್ಟ್‌ನಿಂದ ನಾನು ಮೊದಲು ಕೇಳೋದು ಗುರಿಯ ನಿಖರತೆಯನ್ನಲ್ಲ. 20 ಗಜಕ್ಕೆ ಇವತ್ತಿನ ಯಾವ ಒಳ್ಳೆ ರೆಸ್ಟ್ ಕೂಡ ನಿಮಗಿಂತ ಚೆನ್ನಾಗಿಯೇ ಹೊಡೆಯುತ್ತದೆ. ಬಾಣ ಹೂಡಿದಾಗಿನಿಂದ ಬಿಡುವವರೆಗೆ ಏನೇನು ಕೆಡಬಹುದು, ಅದರಲ್ಲಿ ಎಷ್ಟನ್ನು ಈ ರೆಸ್ಟ್ ತಡೆಯುತ್ತೆ ಅಂತ ಕೇಳಬೇಕು. ಬಾಣ ಬೀಳಬಾರದು. ಎಳೆಯುವಾಗ ಸದ್ದಾಗಬಾರದು. ವಾಪಸ್ ಇಳಿಸಿದರೂ ಬಾಣ ತನ್ನ ಜಾಗದಲ್ಲೇ ಇರಬೇಕು. ಏನಾದರೂ ಮುರಿದರೆ ಕೆಳಗಿಳಿಯದೆಯೇ ಗೊತ್ತಾಗಬೇಕು.

ವಿಸ್ಕರ್ ಬಿಸ್ಕಿಟ್ ಈ ಪ್ರಶ್ನೆಗಳಿಗೆ ಅತ್ಯಂತ ಸರಳವಾದ ಉತ್ತರ. ಒಂದು ದುಂಡು ಚೌಕಟ್ಟು, ಅದರೊಳಗೆ ಸುತ್ತಲೂ ಬ್ರಷ್‌ನ ಎಳೆಗಳು, ನಡುವೆ ಬಾಣದ ದಪ್ಪಕ್ಕೆ ಸರಿಯಾದ ತೂತು, ಬಾಣ ಒಳಗೆ ಹಾಕಲು ಮೇಲೊಂದು ಸೀಳು. ಕೆಳಗಿನ ಎಳೆಗಳು ಗಟ್ಟಿ, ಭಾರ ಹೊರುವುದು ಅವೇ. ಸುತ್ತಲಿನವು ಮೆದು. ಬಾಣ ಹಾಕಿದ ಮೇಲೆ ಬಿಲ್ಲನ್ನು ತಲೆಕೆಳಗು ಮಾಡಿದರೂ ಅದು ಕದಲಲ್ಲ. ಎಳೆಯಿರಿ, ಇಳಿಸಿ, ಮತ್ತೆ ಎಳೆಯಿರಿ, ಬಾಣ ಅಲ್ಲೇ. ಚಲಿಸುವ ಭಾಗ ಒಂದೂ ಇಲ್ಲ, ಟೈಮಿಂಗ್ ಅನ್ನೋ ತಲೆನೋವೇ ಇಲ್ಲ. ಅಲೆನ್ ಕೀ ಇದ್ದರೆ ಅರ್ಧ ಗಂಟೆಯಲ್ಲಿ ಕೂರಿಸಬಹುದು.

ಇದರ ಕುಂದುಗಳನ್ನೂ ಹೇಳಬೇಕು. ಬಾಣದ ಗರಿ ಪ್ರತಿ ಸಲ ಆ ಎಳೆಗಳ ನಡುವಿನಿಂದಲೇ ತೂರಿ ಹೋಗಬೇಕು. ಎತ್ತರದ, ಮೆದು ಪ್ಲಾಸ್ಟಿಕ್ ಗರಿಯಾದರೆ ಬೇಗ ಮುದುಡುತ್ತದೆ, ಅಂಚು ಅಲೆಅಲೆಯಾಗುತ್ತದೆ. ಹಕ್ಕಿಗರಿ ಅಂಟಿಸಿದ ಬಾಣಕ್ಕಂತೂ ಇದು ಬೇಡವೇ ಬೇಡ. ಎರಡು ಇಂಚಿನ, ಗಿಡ್ಡ, ಗಟ್ಟಿ ವೇನ್ (ಪ್ಲಾಸ್ಟಿಕ್ ಗರಿ) ಬೇಕು. ಒಂದು ಗರಿ ನೇರ ಮೇಲಕ್ಕೆ, ಸೀಳಿನ ಕಡೆಗೆ ಬರುವಂತೆ ನಾಕ್ (ಸ್ಟ್ರಿಂಗ್‌ಗೆ ಸಿಕ್ಕಿಸುವ ಬಾಣದ ಹಿಂತುದಿ) ತಿರುಗಿಸಿಕೊಳ್ಳಬೇಕು. ವೇಗ ಒಂಚೂರು ಕಡಿಮೆಯಾಗುತ್ತದೆ. ನಿಮ್ಮ ಗೆಳೆಯ ಇದನ್ನೇ ಎತ್ತಿ ಹೇಳಿರಬೇಕು, ಅಲ್ವಾ? ಅದು ಸೆಕೆಂಡಿಗೆ ಒಂದೆರಡು ಅಡಿಯ ಮಾತು. 20 ಗಜದಲ್ಲಿ ಅದರಿಂದ ಏನೂ ಆಗಲ್ಲ.

ವೇಗದ ಬಗ್ಗೆ ಒಂದು ಲೆಕ್ಕ ನೋಡಿ, ಆಮೇಲೆ ಆ ಚಿಂತೆ ಬಿಟ್ಟುಬಿಡಬಹುದು. ಬೇಟೆಯ ತೂಕದ ಬಾಣ ನಿಮ್ಮ ಬಿಲ್ಲಿನಿಂದ ಸೆಕೆಂಡಿಗೆ 250 ಅಡಿ ಹೋಗುತ್ತೆ ಅಂದುಕೊಳ್ಳಿ. 20 ಗಜ ಅಂದರೆ 60 ಅಡಿ. ಬಾಣ ತಲುಪಲು ಸುಮಾರು 0.24 ಸೆಕೆಂಡ್. ಚಳಿಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,090 ಅಡಿ ಹೋಗುತ್ತೆ, ಅಂದರೆ 0.06 ಸೆಕೆಂಡಿಗೂ ಮೊದಲೇ ಜಿಂಕೆಯ ಕಿವಿಯಲ್ಲಿರುತ್ತೆ. ಬಿಳಿಬಾಲದ ಜಿಂಕೆ ಸದ್ದಿಗೆ ಬೆಚ್ಚಿದರೆ ಓಡುವ ಮೊದಲು ಮೈ ಕುಗ್ಗಿಸುತ್ತದೆ. ಬಾಣ ಅದರ ಬೆನ್ನಿನ ಮೇಲಿಂದ ಹೋಗಬಹುದು, ಅಥವಾ ತಾಗಬಾರದ ಕಡೆ ತಾಗಬಹುದು. ಒಂದೆರಡು ಅಡಿ ವೇಗ ಗಳಿಸುವುದಕ್ಕಿಂತ ಬಿಲ್ಲಿನ ಸದ್ದು ಇಳಿಸುವುದರಲ್ಲಿ ಜಾಸ್ತಿ ಲಾಭ. ಎಳೆಯುವಾಗ ಬಿಸ್ಕಿಟ್ ‘ಸರ್’ ಅಂತ ಸಣ್ಣಗೆ ಉಜ್ಜುತ್ತದೆ. ಗಾಳಿಯಿದ್ದರೆ ಕೇಳಿಸಲ್ಲ, ನಿಶ್ಶಬ್ದದ ಮುಂಜಾವಿನಲ್ಲಿ ಹತ್ತಿರದ ಜಿಂಕೆಗೆ ಕೇಳಿಸಬಹುದು. ನಿಧಾನವಾಗಿ, ಒಂದೇ ಸಮ ಎಳೆಯುವ ಅಭ್ಯಾಸ ಮಾಡಿಕೊಳ್ಳಿ, ಬಹಳ ಕಡಿಮೆಯಾಗುತ್ತದೆ.

ದೊಡ್ಡ ತೊಂದರೆ ಮಂಜುಗಡ್ಡೆ. ನವೆಂಬರ್‌ನಲ್ಲಿ ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗೋದು ಮಾಮೂಲು. ಧಾರವಾಡದ ಡಿಸೆಂಬರ್ ಥಂಡಿ ನೋಡಿದವರಿಗೆ ಅದರ ಅಂದಾಜು ಸಿಗಲ್ಲ. ಸಂಜೆ ಸೋನೆ ಮಳೆಗೆ ಎಳೆಗಳು ಒದ್ದೆಯಾಗಿ, ರಾತ್ರಿ ಹೆಪ್ಪುಗಟ್ಟಿದರೆ ಬೆಳಗ್ಗೆ ಅವು ತಂತಿಯಂತೆ ಬಿಗಿದಿರುತ್ತವೆ. ಹಾಗೇ ಬಾಣ ಬಿಟ್ಟರೆ ಗರಿಗೆ ಪೆಟ್ಟು ಬಿದ್ದು ಬಾಣ ಬಾಲ ಅಲ್ಲಾಡಿಸುತ್ತಾ ಹೋಗುತ್ತದೆ. ಇದನ್ನು ಅಲ್ಲಿ ಹೋದ ಮೇಲೆ ಕಣ್ಣಾರೆ ನೋಡಿ: ರೆಸ್ಟನ್ನು ಬಿಲ್ಲಿಗೆ ಹಾಕುವ ಮೊದಲು ನೀರಲ್ಲಿ ಅದ್ದಿ, ಒಮ್ಮೆ ಕೊಡವಿ, ರಾತ್ರಿ ಅಣ್ಣನ ಮನೆಯ ಫ್ರೀಜರ್‌ನಲ್ಲಿ ಇಡಿ. ಬೆಳಗ್ಗೆ ತೆಗೆದು ಬೆರಳಿಂದ ಎಳೆಗಳನ್ನು ಮುಟ್ಟಿ. ಎಳೆಗಳ ಬುಡದಲ್ಲಿ ಬಿಳಿ ಹರಳು ಕೂತಿರುತ್ತೆ, ತೂತು ಒಂದು ಕಡೆ ಮುಚ್ಚಿಕೊಂಡಿರುತ್ತೆ. ಹೆಬ್ಬೆರಳಿನಿಂದ ಸುತ್ತಲೂ ಒಮ್ಮೆ ಮೀಟಿದರೆ ಹರಳು ಉದುರಿ ಎಳೆಗಳು ಮತ್ತೆ ಸಡಿಲಾಗುತ್ತವೆ. ಮರ ಹತ್ತಿ ಕೂತ ಮೇಲೆ, ಬಾಣ ಹೂಡುವ ಮೊದಲು ಮಾಡಬೇಕಾದ್ದು ಇಷ್ಟೇ. ಆದರೆ ಕತ್ತಲಲ್ಲಿ, ಕೈಗವಸಿನಲ್ಲಿ ನೆನಪಿಟ್ಟು ಮಾಡಬೇಕು. ಒಣ ಬಟ್ಟೆಯ ಚೀಲವೊಂದನ್ನು ರೆಸ್ಟ್‌ಗೆ ಮುಚ್ಚಿ ಸಾಗಿಸಿದರೆ ಅರ್ಧ ಸಮಸ್ಯೆ ಹತ್ತುವ ಮೊದಲೇ ಮುಗಿಯುತ್ತದೆ.

ಇನ್ನು ಡ್ರಾಪ್-ಅವೇ. ಗೆಳೆಯನ ಮಾತಲ್ಲೂ ಹುರುಳಿದೆ. ಇದರ ಉಪಾಯ ಚೆಂದ: ಬಾಣಕ್ಕೆ ಆಸರೆ ಬೇಕಾದಷ್ಟು ಹೊತ್ತು ರೆಸ್ಟ್‌ನ ತೋಳು ಮೇಲಿರುತ್ತೆ. ಬಾಣ ಹೊರಟು ಗರಿ ಹತ್ತಿರ ಬರುವಷ್ಟರಲ್ಲಿ ತೋಳು ಕೆಳಗೆ ಬಿದ್ದು ದಾರಿ ಬಿಡುತ್ತೆ. ಗರಿ ಯಾವುದಕ್ಕೂ ತಾಗಲ್ಲ. ಗರಿ ದೊಡ್ಡದಿರಲಿ, ತಿರುವಿ ಅಂಟಿಸಿದ್ದಿರಲಿ, ನಡೆಯುತ್ತೆ. ಸರಿಯಾಗಿ ಕೂರಿಸಿದ ಡ್ರಾಪ್-ಅವೇಯಿಂದ ಬ್ರಾಡ್‌ಹೆಡ್ (ಅಲಗಿರುವ ಬೇಟೆಯ ಮೊನೆ) ಹಾರುವ ರೀತಿ ನೋಡಿದರೆ ಖುಷಿಯಾಗುತ್ತೆ. ‘ಸರಿಯಾಗಿ ಕೂರಿಸಿದ’ ಅನ್ನೋ ಮಾತಿನಲ್ಲೇ ಕಷ್ಟವೂ ಇದೆ. ತೋಳು ಏಳೋದು, ಬೀಳೋದು ಎಲ್ಲ ಒಂದು ಸಣ್ಣ ದಾರದ ಮೇಲೆ ನಿಂತಿದೆ.

ಆ ದಾರ ಎಲ್ಲಿ ಕಟ್ಟಿದೆ ಅನ್ನೋದರಲ್ಲಿ ಎರಡು ಜಾತಿ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಕೇಬಲ್‌ಗೆ ಕಟ್ಟುವ ಬಗೆಯಲ್ಲಿ, ಬಿಲ್ಲು ಎಳೆದಾಗ ಕೆಳಕ್ಕೆ ಇಳಿಯುವ ಕೇಬಲ್ ದಾರವನ್ನು ಜಗ್ಗಿ ತೋಳನ್ನು ಎಬ್ಬಿಸುತ್ತದೆ. ತೋಳು ಪೂರ್ತಿ ಮೇಲೆ ಬರೋದು ಎಳೆತದ ಕೊನೆಯ ಒಂದೆರಡು ಇಂಚಿನಲ್ಲಿ ಇರಬೇಕು. ದಾರ ಬಿಗಿಯಾಗಿದ್ದರೆ ತೋಳು ಬೇಗ ಎದ್ದು, ಉಳಿದ ಎಳೆತವೆಲ್ಲ ದಾರದ ಮೇಲೆ, ಕೇಬಲ್ ಮೇಲೆ ಬೀಳುತ್ತೆ. ಸಡಿಲಾಗಿದ್ದರೆ ತೋಳು ಪೂರ್ತಿ ಏಳಲ್ಲ. ಲಿಂಬ್‌ಗೆ (ಎಳೆದಾಗ ಬಾಗುವ ಬಿಲ್ಲಿನ ಭಾಗಕ್ಕೆ) ಕಟ್ಟುವ ಬಗೆ ಇದಕ್ಕೆ ಉಲ್ಟಾ. ಅಲ್ಲಿ ತೋಳನ್ನು ಮೇಲೆ ತಳ್ಳೋದು ಒಳಗಿನ ಸ್ಪ್ರಿಂಗ್. ಬಿಲ್ಲು ಸುಮ್ಮನಿದ್ದಾಗ ದಾರ ಅದನ್ನು ಕೆಳಗೆ ಜಗ್ಗಿ ಹಿಡಿದಿರುತ್ತೆ. ಎಳೆಯುತ್ತಿದ್ದಂತೆ ಲಿಂಬ್ ಬಾಗಿ, ದಾರ ಸಡಿಲಾಗಿ, ತೋಳು ಬೇಗನೆ ಎದ್ದು ನಿಲ್ಲುತ್ತೆ. ಬಾಣ ಬಿಟ್ಟಾಗ ಲಿಂಬ್ ವಾಪಸ್ ನೆಟ್ಟಗಾಗುತ್ತಾ ಕೊನೆಯಲ್ಲಿ ತೋಳನ್ನು ಕೆಳಗೆ ಎಳೆದುಕೊಳ್ಳುತ್ತೆ. ಹಾಗಾಗಿ ಬಾಣಕ್ಕೆ ಹೆಚ್ಚು ಹೊತ್ತು ಆಸರೆ ಸಿಗುತ್ತೆ.

ನನಗೆ ಲಿಂಬ್‌ನದೇ ಇಷ್ಟ. ಕಾರಣ, ದಾರ ಹರಿದರೆ ಏನಾಗುತ್ತೆ ಅನ್ನೋದು. ಕೇಬಲ್ ಬಗೆಯಲ್ಲಿ ದಾರ ಹರಿದರೆ ತೋಳು ಕೆಳಗೇ ಉಳಿಯುತ್ತೆ, ಬಾಣಕ್ಕೆ ಆಸರೆಯೇ ಇಲ್ಲ, ಮರದ ಮೇಲೆ ನಿಮ್ಮ ಕೈಯಲ್ಲಿ ಬಿಲ್ಲು ಇದ್ದೂ ಇಲ್ಲದ ಹಾಗೆ. ಲಿಂಬ್ ಬಗೆಯಲ್ಲಿ ದಾರ ಹರಿದರೆ ಸ್ಪ್ರಿಂಗ್ ತೋಳನ್ನು ಮೇಲೇ ನಿಲ್ಲಿಸುತ್ತೆ. ಅದು ಬೀಳದ ರೆಸ್ಟ್ ಆಗುತ್ತೆ ಅಷ್ಟೆ. ಗರಿ ತಾಗಬಹುದು, ಆದರೆ ಬಾಣ ನಿಲ್ಲಲು ಜಾಗ ಇದೆ, ಕೆಟ್ಟಿರೋದು ಕಣ್ಣಿಗೂ ಕಾಣುತ್ತೆ. ಇನ್ನೊಂದು ಅನುಕೂಲ: ಲಿಂಬ್‌ಗೆ ಕಟ್ಟಲು ಸಾಮಾನ್ಯವಾಗಿ ಬೋ ಪ್ರೆಸ್ (ಬಿಲ್ಲನ್ನು ಒತ್ತಿ ಸ್ಟ್ರಿಂಗ್, ಕೇಬಲ್ ಸಡಿಲಿಸುವ ಸಾಧನ) ಬೇಕಾಗಲ್ಲ. ಕೇಬಲ್‌ನ ಎಳೆಗಳ ನಡುವೆ ದಾರ ತೂರಿಸಿ ಕಟ್ಟಬೇಕಾದರೆ ಪ್ರೆಸ್ ಬೇಕು. ಕ್ಲಾಂಪ್ ಹಾಕಿದರೆ ಅದು ಜಾರದಂತೆ ಕಣ್ಣಿಡಬೇಕು.

ಯಾವ ಡ್ರಾಪ್-ಅವೇ ಆದರೂ ಸುತ್ತ ಕಂಬಿ ಇದ್ದು ಬಾಣವನ್ನು ಒಳಗೇ ಹಿಡಿದಿಡುವಂಥದ್ದು ಇರಲಿ. ಕಂಬಿ ಇಲ್ಲದ್ದು ಬೇಟೆಗೆ ಬೇಡ, ನಿಮ್ಮ ಬ್ಲೇಡ್‌ನ ತೊಂದರೆಯೇ ಅದರಲ್ಲೂ ಇದೆ. ಬಾಣ ಬಿಡದೆ ವಾಪಸ್ ಇಳಿಸಿದಾಗ ತೋಳು ಏನು ಮಾಡುತ್ತೆ ಅಂತ ಅಂಗಡಿಯಲ್ಲೇ ಎಳೆದು ನೋಡಿ. ಕೆಲವು ಇಳಿಸುತ್ತಿದ್ದಂತೆ ತಾವೂ ಇಳಿಯುತ್ತವೆ, ಬಾಣ ಕೆಳಗಿನ ಶೆಲ್ಫ್‌ಗೆ (ರೆಸ್ಟ್ ಕೆಳಗಿನ ರೈಸರ್‌ನ ಮೆಟ್ಟಿಲಿಗೆ) ಕುಳಿತುಕೊಳ್ಳುತ್ತೆ. ಕೆಲವು ಮೇಲೇ ನಿಲ್ಲುತ್ತವೆ, ಬಾಣ ಬಿಟ್ಟಾಗ ಮಾತ್ರ ಬೀಳುತ್ತವೆ. ಎರಡನೆಯದು ಬೇಟೆಗೆ ಒಳ್ಳೆಯದು. ಕ್ಯುಎಡಿ ಕಂಪನಿಯ ಅಲ್ಟ್ರಾ-ರೆಸ್ಟ್ ಹೆಸರು ಮಾಡಿದ್ದು ಬಹುಮಟ್ಟಿಗೆ ಇದರಿಂದಲೇ. ತೋಳು ಬಿದ್ದಾಗ ಲೋಹಕ್ಕೆ ಲೋಹ ಬಡಿಯುತ್ತಾ, ರಬ್ಬರ್ ಇದೆಯಾ ನೋಡಿ. ಶೆಲ್ಫ್ ಮೇಲೆ, ಕಂಬಿಯ ಒಳಗೆ ಬಾಣ ತಾಗುವ ಕಡೆಯೆಲ್ಲ ಫೆಲ್ಟ್ ಅಂಟಿಸಿಕೊಳ್ಳಿ. ಆ ಅಂಗೈಯಗಲದ ಬಟ್ಟೆ ಎಷ್ಟೋ ಜಿಂಕೆ ಬೆಚ್ಚದಂತೆ ಮಾಡುತ್ತೆ.

ಹಾಗಾದರೆ ನಿಮಗೆ ಯಾವುದು? ಈ ಸೀಸನ್‌ಗೆ ಬಿಸ್ಕಿಟ್. ಅಣ್ಣನ ಮಾತು ಕೇಳಿ. ನೀವು ಅಲ್ಲಿ ತಲುಪಿದ ಮೇಲೆ ಬಾಣ ಹೊಸದು, ಮೊನೆ ಹೊಸದು, ಬಟ್ಟೆ ಹೊಸದು, ಮರ ಹೊಸದು, ಪ್ರಾಣಿ ಎದುರಿಗಿರೋದೂ ಹೊಸದು. ಇರುವ ಮೂರು-ನಾಲ್ಕು ವಾರದಲ್ಲಿ ದಾರದ ಟೈಮಿಂಗ್ ಎಂಬ ಇನ್ನೊಂದನ್ನು ತಲೆ ಮೇಲೆ ಹೊತ್ತುಕೊಳ್ಳಬೇಡಿ. ಅಣ್ಣನಿಗೆ ಬಿಸ್ಕಿಟ್ ಪರಿಚಯ ಇದೆ, ಏನಾದರೂ ಆದರೆ ಪಕ್ಕದ ಮರದಲ್ಲೇ ಇರುತ್ತಾರೆ. ಇದೂ ಸಣ್ಣ ಮಾತಲ್ಲ. ಒಂದು ವೇಳೆ ಅಣ್ಣನ ಊರಲ್ಲಿ ಬಿಲ್ಲಿನ ಕೆಲಸ ಚೆನ್ನಾಗಿ ಬಲ್ಲ ಅಂಗಡಿ ಇದ್ದು, ಮೊದಲ ವಾರವೇ ಕೂರಿಸಿಕೊಟ್ಟು, ಮತ್ತೆ ಎರಡು ಸಲ ನೋಡಿಕೊಡಲು ಒಪ್ಪಿದರೆ, ಕಂಬಿ ಇರುವ ಲಿಂಬ್ ಬಗೆಯ ಡ್ರಾಪ್-ಅವೇ ಹಾಕಿಸಿ. ಅಕ್ಟೋಬರ್ ಹತ್ತಿರ ಬಂದ ಮೇಲೆ ಮಾತ್ರ ರೆಸ್ಟ್ ಬದಲಿಸಲೇಬೇಡಿ.

ಡ್ರಾಪ್-ಅವೇ ಹಾಕಿಸಿದರೆ ಅದು ನಿಜವಾಗಿಯೂ ಸಮಯಕ್ಕೆ ಬೀಳುತ್ತಾ ಅಂತ ನೀವೇ ಪರೀಕ್ಷೆ ಮಾಡಬೇಕು, ಅಂಗಡಿಯವರ ಮಾತು ಸಾಲದು. ರೆಸ್ಟ್‌ನ ತೋಳಿಗೆ, ಕಂಬಿಯ ಒಳಬದಿಗೆ, ಶೆಲ್ಫ್‌ಗೆ ಒದ್ದೆ ಬೆರಳು ಸವರಿ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ. ಒಂದು ಬಾಣ ಬಿಡಿ, ಹತ್ತಿರದಿಂದ. ಈಗ ಕಣ್ಣು ಹತ್ತಿರ ತಂದು ನೋಡಿ. ಬಾಣದ ಕಡ್ಡಿ ಕೂತಿದ್ದ ಕಡೆ ಸಣ್ಣ ಗೆರೆ ಇರುತ್ತೆ, ಅದು ಸರಿ. ತೋಳಿನ ಅಂಚಿನಲ್ಲಿ ಅಥವಾ ಕಂಬಿಯಲ್ಲಿ ಪೌಡರ್ ಒರೆಸಿದ ಹಾಗೆ ಕಂಡರೆ ಗರಿ ಅಲ್ಲಿ ತಾಗಿದೆ. ಗರಿಯ ಅಂಚಿನಲ್ಲೂ ಬಿಳಿ ಹತ್ತಿರುತ್ತೆ. ನಾಕ್ ಸ್ವಲ್ಪ ತಿರುಗಿಸಿ, ಇಲ್ಲವೇ ದಾರ ಸರಿಪಡಿಸಿ, ಒರೆಸಿ, ಮತ್ತೆ ಪೌಡರ್ ಹಾಕಿ ಬಿಡಿ. ಫೋನಿನ ಸ್ಲೋ ಮೋಷನ್ 240 ಫ್ರೇಮ್‌ಗೆ ಇಟ್ಟು ಪಕ್ಕದಿಂದ ವಿಡಿಯೊ ಮಾಡಿದರೂ ತೋಳು ಬಿದ್ದು ಮತ್ತೆ ಪುಟಿಯುತ್ತಾ ಇಲ್ಲವಾ ಅನ್ನೋದು ಕಾಣುತ್ತೆ. ಎಲ್ಲ ಸರಿಯಾದ ಮೇಲೆ ದಾರ ಕಚ್ಚಿಕೊಂಡಿರುವ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ. ಬೆಳಗ್ಗೆ ಮರ ಹತ್ತುವ ಮೊದಲು ಟಾರ್ಚ್ ಬೆಳಕಲ್ಲಿ ಆ ಗುರುತು ನೋಡಿದರೆ ದಾರ ಜಾರಿದೆಯಾ ಅಂತ ತಿಳಿದುಬಿಡುತ್ತೆ. ಬಿಸ್ಕಿಟ್‌ನಲ್ಲಿ ಗರಿ ತಾಗುವುದು ಇದ್ದದ್ದೇ, ಹಾಗಾಗಿ ಪೌಡರ್ ಪರೀಕ್ಷೆ ಅಲ್ಲಿ ರೈಸರ್‌ಗೆ, ಕೇಬಲ್‌ಗೆ ತಾಗುತ್ತಾ ನೋಡಲು ಮಾತ್ರ.

ಕೊಳ್ಳುವಾಗ ಬಿಲ್ಲಿಗೆ ಹೊಂದುತ್ತಾ ನೋಡಿಕೊಳ್ಳಿ. ರೈಸರ್‌ನಲ್ಲಿ ರೆಸ್ಟ್ ಕೂರಿಸುವ ತಿರುಪಿನ ತೂತಿಗೆ ಬರ್ಗರ್ ಹೋಲ್ ಅಂತಾರೆ, ಅಳತೆ 5/16-24. ಬಹುತೇಕ ಎಲ್ಲ ಕಾಂಪೌಂಡ್‌ನಲ್ಲಿ ಇದಿದೆ. ಈಚಿನ ಕೆಲವು ಬಿಲ್ಲುಗಳಲ್ಲಿ ರೈಸರ್‌ನ ಹಿಂಬದಿಗೆ ಕಚ್ಚಿಕೊಳ್ಳುವ ಡವ್‌ಟೇಲ್ ಕೂಡ ಇರುತ್ತೆ. ಅದಕ್ಕೆ ಮಾಡಿದ ರೆಸ್ಟ್ ನಿಮ್ಮ ಬಿಲ್ಲಿಗೆ ಕೂರದೆ ಹೋಗಬಹುದು. ಬಲಗೈ-ಎಡಗೈ ಬೇರೆ ಬೇರೆ. ಬಿಸ್ಕಿಟ್‌ನಲ್ಲಿ ಬಾಣದ ದಪ್ಪಕ್ಕೆ ತಕ್ಕ ಸೈಜ್ ಇರುತ್ತೆ. ನಿಮ್ಮ ಟಾರ್ಗೆಟ್ ಬಾಣ ಸಣ್ಣ ವ್ಯಾಸದ್ದಾಗಿದ್ದರೆ ಅದನ್ನು ನೋಡಿ ಕೊಳ್ಳಬೇಡಿ, ಬೇಟೆಗೆ ಬಳಸುವ ಬಾಣವನ್ನು ನೋಡಿ ಕೊಳ್ಳಿ. ಬಾಣ ಹೇಗೂ ಬದಲಾಗಬೇಕು. ಭಾರದ ಮೊನೆಗೆ ತಕ್ಕ ಸ್ಪೈನ್ (ಬಾಣದ ಕಡ್ಡಿಯ ಬಿಗಿತ) ಬೇಕು, ತೂಕ 400 ಗ್ರೇನ್ (ಸುಮಾರು 26 ಗ್ರಾಂ) ಆಸುಪಾಸು ಇದ್ದರೆ ನಿಮ್ಮ 55 ಪೌಂಡಿಗೆ ಚೆನ್ನ.

ಕೂರಿಸುವ ಕ್ರಮ ನಿಮಗೆ ಗೊತ್ತಿರೋದೇ, ಬೇಗ ಹೇಳಿಬಿಡುತ್ತೇನೆ. ಪಕ್ಕದಿಂದ ನೋಡಿದಾಗ ಬಾಣ ಬರ್ಗರ್ ಹೋಲ್‌ನ ನಡುವೆ ಹಾಯಬೇಕು, ಸ್ಟ್ರಿಂಗ್‌ಗೆ ಲಂಬವಾಗಿರಬೇಕು ಅಥವಾ ನಾಕ್ ಒಂಚೂರು ಮೇಲಿರಬೇಕು. ಮೇಲಿಂದ ನೋಡಿದಾಗ ಬಾಣದ ನಡುಗೆರೆ ರೈಸರ್‌ನಿಂದ 13/16 ಇಂಚು, ಅಂದರೆ 20 ಮಿಲಿಮೀಟರ್‌ಗಿಂತ ತುಸು ಜಾಸ್ತಿ ದೂರ. ಬಿಲ್ಲಿನ ಕಂಪನಿ ಬೇರೆ ಅಳತೆ ಹೇಳಿದ್ದರೆ ಅದೇ ಸರಿ. ಆಮೇಲೆ ಆರಡಿ ದೂರದಲ್ಲಿ ಕಾಗದ ಕಟ್ಟಿ ಅದರ ಮೂಲಕ ಹೊಡೆಯಿರಿ. ನಾಕ್ ಮೇಲಕ್ಕೆ ಹರಿದಿದ್ದರೆ ರೆಸ್ಟ್ ಸ್ವಲ್ಪ ಏರಿಸಿ ಇಲ್ಲವೇ ನಾಕಿಂಗ್ ಪಾಯಿಂಟ್ (ಸ್ಟ್ರಿಂಗ್‌ನಲ್ಲಿ ನಾಕ್ ಕೂರುವ ಜಾಗ) ಇಳಿಸಿ. ಬಲಗೈಯವರಿಗೆ ನಾಕ್ ಎಡಕ್ಕೆ ಹರಿದಿದ್ದರೆ ರೆಸ್ಟ್ ಕೂದಲೆಳೆಯಷ್ಟು ಬಲಕ್ಕೆ.

ಆದರೆ ಬೇಟೆಗೆ ಕಾಗದದ ತೂತು ಸಾಕಾಗಲ್ಲ. ಇಲ್ಲಿ ಆತುರ ಮಾಡಬೇಡಿ. ಬ್ರಾಡ್‌ಹೆಡ್‌ನ ಅಲಗುಗಳು ಬಾಣದ ಮುಂದೆ ಕೂತ ಗರಿಯ ಹಾಗೆಯೇ ಗಾಳಿ ಹಿಡಿಯುತ್ತವೆ. ಬಾಣ ಸ್ವಲ್ಪ ಓರೆಯಾಗಿ ಹೊರಟರೂ ಫೀಲ್ಡ್ ಪಾಯಿಂಟ್‌ನಲ್ಲಿ (ಅಲಗಿಲ್ಲದ ಅಭ್ಯಾಸದ ಮೊನೆಯಲ್ಲಿ) ಹಿಂದಿನ ಗರಿ ಸರಿಪಡಿಸಿಬಿಡುತ್ತೆ. ಬ್ರಾಡ್‌ಹೆಡ್‌ನಲ್ಲಿ ಮುಂದಿನ ಅಲಗು ಹಿಂದಿನ ಗರಿಯ ಜೊತೆ ಜಗ್ಗಾಡುತ್ತೆ, ಬಾಣ ದಾರಿ ಬಿಡುತ್ತೆ. ಹಾಗಾಗಿ 20 ಗಜದಿಂದ ಮೊದಲು ಫೀಲ್ಡ್ ಪಾಯಿಂಟ್‌ನ ಬಾಣಗಳನ್ನು ಒಂದು ಚುಕ್ಕಿಗೆ ಹೊಡೆಯಿರಿ, ಆಮೇಲೆ ಅದೇ ತೂಕದ ಬ್ರಾಡ್‌ಹೆಡ್ ಹಾಕಿ ಅದೇ ಚುಕ್ಕಿಗೆ. ಗುಂಪುಗಳು ಬೇರೆ ಬೇರೆ ಕಡೆ ಬಿದ್ದರೆ ಸೈಟ್ (ಬಿಲ್ಲಿನ ಮೇಲಿನ ಗುರಿ ನೋಡುವ ಸಾಧನ) ಮುಟ್ಟಬೇಡಿ. ಬ್ರಾಡ್‌ಹೆಡ್ ಬಿದ್ದ ಕಡೆಯಿಂದ ಫೀಲ್ಡ್ ಪಾಯಿಂಟ್ ಬಿದ್ದ ಕಡೆಗೆ ರೆಸ್ಟ್ ಸರಿಸಿ, ಒಂದು ಸಲಕ್ಕೆ 1/32 ಇಂಚಿಗಿಂತ ಜಾಸ್ತಿ ಬೇಡ. ಎರಡೂ ಗುಂಪು ಒಂದಾದ ಮೇಲೆ ಸೈಟ್. 30 ಗಜದಲ್ಲೂ ನೋಡಿ. ಅಲ್ಲಿಗೆ ತಿರುಪುಗಳಿಗೆಲ್ಲ ಗುರುತು ಹಾಕಿ ಮುಗಿಸಿಬಿಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಸುಮಾರು 8 ಇಂಚಿನ ವೃತ್ತ. ಬ್ರಾಡ್‌ಹೆಡ್ ಅಲ್ಲಿ ಹಾದುಹೋದರೆ ರಕ್ತ ಹರಿದು ಪ್ರಾಣಿ ಬೇಗ ಬೀಳುತ್ತೆ. ನಾಲ್ಕು ಇಂಚು ಹಿಂದೆ ಹೊಟ್ಟೆಗೆ ಬಿದ್ದರೆ ಅದು ಗಂಟೆಗಟ್ಟಲೆ ನರಳುತ್ತೆ, ಎಲ್ಲೋ ಪೊದೆಯಲ್ಲಿ ಸಾಯುತ್ತೆ, ನಿಮಗೆ ಸಿಗುವುದೂ ಇಲ್ಲ. ಟಾರ್ಗೆಟ್‌ನಲ್ಲಿ ತಪ್ಪಿದರೆ ಅಂಕ ಹೋಗುತ್ತೆ, ಇಲ್ಲಿ ಒಂದು ಜೀವ ಒದ್ದಾಡುತ್ತೆ. ಮೊದಲ ವರ್ಷ 20, ಬಹಳ ಅಂದರೆ 25 ಗಜ ದಾಟಬೇಡಿ. ನೀವು 50 ಮೀಟರ್ ಹೊಡೆಯುವವರು, ಇದು ನಿಮಗೆ ಕಡಿಮೆ ಅನ್ನಿಸಬಹುದು. ಪರವಾಗಿಲ್ಲ.

ಹೊರಡುವ ಮೊದಲು ಇಲ್ಲಿ ಮಾಡಬಹುದಾದ ಅಭ್ಯಾಸವೂ ಇದೆ. ಹಾವೇರಿ ಕಡೆ ಹೊಲದಲ್ಲಿ ಬೆಳೆ ಕಾಯುವ ಅಟ್ಟ ಇದ್ದರೆ, ಹಿಂದೆ ದೊಡ್ಡ ಮಣ್ಣಿನ ಒಡ್ಡು ಇದ್ದು ಆ ದಿಕ್ಕಿಗೆ ಜನ-ದನ ಓಡಾಡುವುದಿಲ್ಲ ಅಂತ ಖಾತ್ರಿಯಾದರೆ, ಅಲ್ಲಿಂದ ಕೆಳಕ್ಕೆ ಹೊಡೆದು ನೋಡಿ. ಫೀಲ್ಡ್ ಪಾಯಿಂಟ್‌ನಲ್ಲೇ, 15–20 ಗಜಕ್ಕೆ. ಊರೊಳಗೆ ಮನೆಯ ಮಾಳಿಗೆಯಿಂದ ಖಂಡಿತ ಬೇಡ. ಸೊಂಟದಿಂದ ಬಾಗಬೇಕು, ಬಿಲ್ಲು ಹಿಡಿದ ತೋಳನ್ನು ಮಾತ್ರ ಇಳಿಸಬಾರದು. ದಪ್ಪ ಸ್ವೆಟರ್ ಹಾಕಿಕೊಂಡೇ ಹೊಡೆಯಿರಿ, ತೋಳಿನ ಬಟ್ಟೆ ಸ್ಟ್ರಿಂಗ್‌ಗೆ ತಾಗುತ್ತಾ ಗೊತ್ತಾಗುತ್ತೆ. ಕೂತು ಎಳೆಯಿರಿ, ಎಳೆದು ಒಂದು ನಿಮಿಷ ನಿಲ್ಲಿ, ಬಿಡದೆ ಇಳಿಸಿ. ನಿಮ್ಮ ಬ್ಲೇಡ್ ರೆಸ್ಟ್ ಮೇಲೆ ಇದನ್ನು ಮಾಡಿದರೆ ಬಾಣ ಎಷ್ಟು ಸಲ ಜಾರುತ್ತೆ ಅನ್ನೋದನ್ನು ನೋಡಿದಾಗಲೇ ಅಣ್ಣನ ಮಾತು ಪೂರ್ತಿ ಅರ್ಥವಾಗೋದು. 55 ಪೌಂಡನ್ನು ಕೂತು ನಿಧಾನವಾಗಿ ಎಳೆಯಲು ಕಷ್ಟವಾದರೆ 50ಕ್ಕೆ ಇಳಿಸಿಕೊಳ್ಳಿ. ಬಿಳಿಬಾಲದ ಜಿಂಕೆಗೆ ಅದು ಧಾರಾಳ. ಥಂಡಿಯಲ್ಲಿ ಗಂಟೆಗಟ್ಟಲೆ ಕೂತ ಮೈಗೆ 50 ಕೂಡ ಭಾರ ಅನ್ನಿಸುತ್ತೆ. ಈ ಇಳಿಕೆಯನ್ನು ರೆಸ್ಟ್ ಕೂರಿಸುವ ಮೊದಲೇ ಮಾಡಿ, ಆಮೇಲೆ ಮಾಡಿದರೆ ಟ್ಯೂನಿಂಗ್ ಎಲ್ಲ ಮತ್ತೆ ಮೊದಲಿನಿಂದ.

ಎಲ್ಲಿ ಕೊಳ್ಳಬೇಕು ಅಂತ ಕೇಳಿದ್ದೀರಿ. ಅಲ್ಲೇ ಕೊಳ್ಳಿ. ಅಲ್ಲಿ ಇದು ದಿನಸಿಯಷ್ಟು ಸುಲಭವಾಗಿ ಸಿಗುತ್ತೆ, ಕೈಯಲ್ಲಿ ಹಿಡಿದು, ನಿಮ್ಮ ಬಿಲ್ಲಿಗೇ ಹಾಕಿ ನೋಡಬಹುದು. ಬಿಸ್ಕಿಟ್ ಅಗ್ಗ, ಒಳ್ಳೆ ಡ್ರಾಪ್-ಅವೇಗೆ ಅದರ ಎರಡು-ಮೂರು ಪಟ್ಟು ಬೀಳುತ್ತೆ. ಬೇಟೆಯ ಬಾಣ, ಬ್ರಾಡ್‌ಹೆಡ್ ಕೂಡ ಅಲ್ಲೇ. ಬಿಲ್ಲು ಗಟ್ಟಿ ಕೇಸ್‌ನಲ್ಲಿ ಚೆಕ್-ಇನ್ ಲಗೇಜ್‌ಗೆ ಹೋಗಬೇಕು, ಕೈಚೀಲದಲ್ಲಿ ಬಿಡಲ್ಲ. ಅಲೆನ್ ಕೀಗಳನ್ನೂ ಅದರಲ್ಲೇ ಹಾಕಿ. ಬ್ಲೇಡ್ ರೆಸ್ಟ್ ಬಿಚ್ಚುವ ಮೊದಲು ಅದರ ಸ್ಥಾನಕ್ಕೆ ಪೆನ್ನಿನಿಂದ ಗುರುತು ಹಾಕಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ, ಜನವರಿಯಲ್ಲಿ 50 ಮೀಟರ್‌ಗೆ ವಾಪಸ್ ಬಂದಾಗ ಬೇಕಾಗುತ್ತೆ. ಬಿಲ್ಲಿನ ಮಾಡೆಲ್, ಡ್ರಾ ಲೆಂಗ್ತ್ (ಎಳೆತದ ಉದ್ದ), ಎಡಗೈಯೋ ಬಲಗೈಯೋ, ರೈಸರ್‌ನ ಹಿಂಬದಿಯ ಒಂದು ಫೋಟೊ, ಇಷ್ಟನ್ನು ಅಣ್ಣನಿಗೆ ಈಗಲೇ ಕಳಿಸಿ. ಎರಡು ಇಂಚಿನ ಗಟ್ಟಿ ವೇನ್ ಅಂಟಿಸಿದ ಬಾಣವನ್ನು ಅವರು ಆಗಸ್ಟ್‌ನಲ್ಲೇ ಕತ್ತರಿಸಿ ಸಿದ್ಧ ಮಾಡಿಸಿಟ್ಟರೆ ನಿಮಗೆ ಒಂದು ವಾರ ಉಳಿಯುತ್ತೆ.